ಇಂಗ್ಲಿಷ್ ಪದಗಳಿಗೂ ಬಂಧುಬಳಗವಿದೆ

ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ಕನ್ನಡ ಶಾಲೆಗಳ ಜಗಲಿಯಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ. ಮಂಜೇಶ್ವರದಲ್ಲಿ ‘ಮಾಷ್ಟ್ರೇ’ ಎಂದು, ಅಕ್ಕಲಕೋಟೆಯಲ್ಲಿ ‘ಮಾಸ್ತರೇ’ ಎಂದು, ತಾಳವಾಡಿಯಲ್ಲಿ ‘ಮೇಷ್ಟ್ರೇ’ ಎಂದು ಕರೆದರೂ ಮುಂದಿನ ಮಾತು ಬೇರೆಯಾಗುವುದಿಲ್ಲ: ‘ಕನ್ನಡದಲ್ಲಿ ಓದಿಸಿದರೆ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ?’

ಹೀಗೆ ಕೇಳುವ ತಂದೆತಾಯಿಯರನ್ನು ವೇದಿಕೆಯ ಮೇಲಿನಿಂದ ಭಾಷಾದ್ರೋಹಿಗಳೆಂದು ಬೈಯುವ ಪರಿಪಾಠ ನಮ್ಮಲ್ಲಿದೆ. ಬೈಯುವವರಲ್ಲಿ ಕೆಲವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ವಿಚಾರಿಸಹೋಗುವುದು ಬೇಡ. ಪ್ರಾಥಮಿಕ ಹಂತದಲ್ಲಿ ಶಿಕ್ಷಣ ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ಪಾಲಕರದು ಎಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಾಗಿದೆ. ಆದುದರಿಂದ ಬೈಗುಳದಿಂದ ಯಾರನ್ನೂ ಕನ್ನಡ ಶಾಲೆಗೆ ಕರೆತರಲಾಗದು. ಬೀಡಿ ಕಟ್ಟಿ, ಹೊಲದಲ್ಲಿ ದುಡಿದು ಮಕ್ಕಳನ್ನು ಓದಿಸುವವರು ಕೇಳುವ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. ನನ್ನ ಉತ್ತರ ಇಷ್ಟು: ಇಂಗ್ಲಿಷ್ ಬರುತ್ತದೆ; ಆದರೆ ಈಗ ಹೆಚ್ಚಿನ ಕಡೆ ಕಲಿಸುತ್ತಿರುವ ಕ್ರಮದಲ್ಲಿ ಬರುವುದಿಲ್ಲ. ಕ್ರಮವನ್ನು ಸರಿಪಡಿಸಿದರೆ ಮಗುವಿನ ಕನ್ನಡವೇ ಅದಕ್ಕೆ ಇಂಗ್ಲಿಷ್ ಕಲಿಯುವ ಸಾಧನವಾಗುತ್ತದೆ.

ಕ್ರಮ ಎಂದರೆ ಏನೆಂದು ತಿಳಿಯಲು ನಿಮ್ಮ ಮಗುವಿನ ಇಂಗ್ಲಿಷ್ ನೋಟುಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಗೆರೆ, ಬಲಕ್ಕೆ ಅರ್ಥ. ಇಂದು ಹತ್ತು ಪದ, ನಾಳೆ ಹತ್ತು ಪದ. ಮುಂದಿನ ಪುಟದಲ್ಲಿ ‘ವಿರುದ್ಧ ಪದಗಳು’. ಎಲ್ಲವೂ ಬಾಯಿಪಾಠ. ಪರೀಕ್ಷೆ ಮುಗಿದ ವಾರದಲ್ಲಿ ಅರ್ಧ ಮರೆತುಹೋಗುತ್ತದೆ, ಉಳಿದ ಅರ್ಧ ಬಳಸಲು ಬರುವುದಿಲ್ಲ. ಈ ಪಟ್ಟಿಯಲ್ಲಿ ‘ಓಲ್ಡ್’ ಎಂಬುದರ ಎದುರಿಗೆ ‘ನ್ಯೂ’ ಎಂದಿರುತ್ತದೆ. ಅದನ್ನು ನಂಬಿದ ಮಗು, ‘ನನ್ನ ಅಜ್ಜಿ ಓಲ್ಡ್, ನಾನು ನ್ಯೂ’ ಎಂದು ಇಂಗ್ಲಿಷಿನಲ್ಲಿ ಬರೆದರೆ ನಗಬಾರದು. ಕನ್ನಡದಲ್ಲಿ ಬಟ್ಟೆ ಹಳೆಯದಾಗುತ್ತದೆ, ಅಜ್ಜಿಗೆ ವಯಸ್ಸಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಓಲ್ಡ್’ ಒಂದೇ ಮಾತು. ಬಟ್ಟೆಯ ವಿಷಯವಾದರೆ ಎದುರು ಪದ ‘ನ್ಯೂ’, ಅಜ್ಜಿಯ ವಿಷಯವಾದರೆ ‘ಯಂಗ್’. ‘ಲೈಟ್’ ಎಂಬುದಕ್ಕೂ ಹಾಗೆಯೇ: ತೂಕದ ಮಾತಿನಲ್ಲಿ ‘ಹೆವಿ’, ಬಣ್ಣದ ಮಾತಿನಲ್ಲಿ ‘ಡಾರ್ಕ್’. ಪದವನ್ನು ಅದರ ಸಂಗಾತಿಗಳಿಂದ ಬಿಡಿಸಿ ಒಂಟಿಯಾಗಿ ಗೆರೆಯ ಪಕ್ಕ ನಿಲ್ಲಿಸಿದ್ದರಿಂದ ಆದ ತಪ್ಪು ಇದು, ಮಗುವಿನ ದಡ್ಡತನವಲ್ಲ.

ಊರಿಗೆ ಹೊಸಬರು ಬಂದರೆ ನಾವು ಮೊದಲು ವಿಚಾರಿಸುವುದು ಯಾರ ಪೈಕಿ, ಯಾವ ಮನೆಯವರು ಎಂದು. ಹೆಸರು ಮರೆತುಹೋದರೂ ‘ಇಂಥವರ ಸೋದರಳಿಯ’ ಎಂಬುದು ನೆನಪಿರುತ್ತದೆ. ಪದಗಳೂ ಹಾಗೆ. ಒಂದು ಪದದ ತಾಯಿಬೇರು, ಮಕ್ಕಳು, ಎದುರಾಳಿ, ಜೊತೆಗಾರರು ಇಷ್ಟನ್ನು ತಿಳಿದರೆ ಅದು ಮನಸ್ಸಿನಲ್ಲಿ ನೆಲೆಯಾಗಿ ನಿಲ್ಲುತ್ತದೆ. ಇದು ವಿಲಾಯಿತಿಯಿಂದ ಬಂದ ಹೊಸ ಸಿದ್ಧಾಂತವೇನೂ ಅಲ್ಲ. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಅಮರಕೋಶದಲ್ಲಿ ಪದಗಳು ಅಕಾರಾದಿಯಾಗಿ ಇಲ್ಲ. ಸ್ವರ್ಗ, ಭೂಮಿ, ಊರು, ಕಾಡು ಎಂದು ಅರ್ಥಸಂಬಂಧದ ವರ್ಗಗಳಲ್ಲಿ ಇವೆ. ಇಂಗ್ಲಿಷಿನಲ್ಲಿ ಅರ್ಥದ ನಂಟಿನಿಂದ ಪದಗಳನ್ನು ಗುಂಪು ಮಾಡಿದ ಪ್ರಸಿದ್ಧ ಕೋಶವನ್ನು ರೋಜೆಟ್ ಎಂಬ ವೈದ್ಯರು ಪ್ರಕಟಿಸಿದ್ದು 1852ರಲ್ಲಿ. ಇಲ್ಲಿಯೇ, ಆಗಿನ ಬಂಗಾಳದ ಢಾಕಾದಲ್ಲಿ ಅಧ್ಯಾಪಕರಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್ ಎಂಬವರು ಮುಂದೆ 1953ರಲ್ಲಿ ಕಲಿಯುವವರಿಗೆ ಅತ್ಯಗತ್ಯವಾದ ಸುಮಾರು 2000 ಇಂಗ್ಲಿಷ್ ತಲೆಪದಗಳ ಪಟ್ಟಿಯನ್ನು ಹೊರತಂದರು. ಎರಡು ಸಾವಿರ ಎಂದರೆ ಗಾಬರಿಯಾಗಬೇಕಾಗಿಲ್ಲ. ಅವು ತಲೆಪದಗಳು, ಮನೆಯ ಯಜಮಾನರಿದ್ದಂತೆ. ಯಜಮಾನನ ಪರಿಚಯವಾದರೆ ಮನೆಮಂದಿಯ ಪರಿಚಯ ತಾನಾಗಿ ಆಗುತ್ತದೆ.

ಈಗ ನಮ್ಮ ಮಗುವಿನ ಬಳಿ ಏನಿದೆ ಎಂದು ನೋಡೋಣ. ಹಾಡು ಎಂಬುದರಿಂದ ಹಾಡುಗಾರ, ಬೇಟೆಯಿಂದ ಬೇಟೆಗಾರ, ಜಾಣನಿಂದ ಜಾಣತನ, ಕಲಿ ಎಂಬುದರಿಂದ ಕಲಿಕೆ ಆಗುತ್ತದೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ‘ಸಿಂಗ್’ನಿಂದ ‘ಸಿಂಗರ್’, ‘ಹಂಟ್’ನಿಂದ ‘ಹಂಟರ್’, ‘ಕೈಂಡ್’ನಿಂದ ‘ಕೈಂಡ್‌ನೆಸ್’ ಆಗುವುದನ್ನು ನಮ್ಮ ‘-ಗಾರ’, ‘-ತನ’ಗಳ ಪಕ್ಕದಲ್ಲಿಟ್ಟು ತೋರಿಸಿದರೆ ಸಾಕು. ಒಂದು ದಿನದಲ್ಲಿ ಹತ್ತು ಪದದ ಬದಲಿಗೆ ಹತ್ತು ಮನೆತನಗಳ ಪರಿಚಯವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಗ್ಲಿಷ್ ಕಲಿಯುವ ಮಕ್ಕಳನ್ನು ಹೆಚ್ಚು ಕಾಡುವುದು ಪದಕ್ಕೆ ಪ್ರತ್ಯಯ ಸೇರಿದಾಗ ಕಾಗುಣಿತ ಬದಲಾಗುವುದು. ‘ರೈಟ್’ ಎಂಬುದಕ್ಕೆ ‘ಇಂಗ್’ ಸೇರಿದಾಗ ಕೊನೆಯ ‘ಇ’ ಅಕ್ಷರ ಬಿದ್ದುಹೋಗುತ್ತದೆ. ‘ರನ್’ ಎಂಬುದಕ್ಕೆ ‘ಇಂಗ್’ ಸೇರಿದಾಗ ಇನ್ನೊಂದು ‘ಎನ್’ ಹೊಸದಾಗಿ ಬಂದು ಕೂರುತ್ತದೆ. ‘ಹ್ಯಾಪಿ’ಗೆ ‘ನೆಸ್’ ಸೇರಿದಾಗ ‘ವೈ’ ಹೋಗಿ ಆ ಜಾಗಕ್ಕೆ ‘ಐ’ ಬರುತ್ತದೆ. ಇಂಗ್ಲಿಷ್ ಮಾಧ್ಯಮದ ಮಗು ಇದನ್ನು ಮೂರು ಬೇರೆ ಬೇರೆ ನಿಯಮಗಳೆಂದು ಉರುಹೊಡೆಯುತ್ತದೆ. ಆದರೆ ಕನ್ನಡ ಮಾಧ್ಯಮದ ಮಗು ವ್ಯಾಕರಣದ ತರಗತಿಯಲ್ಲಿ ಈ ಮೂರನ್ನೂ ಬಲ್ಲದು! ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಾಗ ಉಕಾರ ಬಿದ್ದುಹೋದದ್ದು ಲೋಪ. ಮನೆ ಮತ್ತು ಅನ್ನು ಸೇರಿ ‘ಮನೆಯನ್ನು’ ಆದಾಗ ಯಕಾರ ಬಂದದ್ದು ಆಗಮ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆದಾಗ ಕಕಾರದ ಜಾಗಕ್ಕೆ ಗಕಾರ ಬಂದದ್ದು ಆದೇಶ. ಇಂಗ್ಲಿಷಿನಲ್ಲಿ ಆಗುವುದು ಸಂಧಿಯಲ್ಲ, ಬರಿಯ ಬರವಣಿಗೆಯ ಪದ್ಧತಿ ಎಂದು ವೈಯಾಕರಣರು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಆರನೆಯ ತರಗತಿಯ ಮಗುವಿಗೆ ಬೇಕಾದದ್ದು ಪಾಂಡಿತ್ಯವಲ್ಲ, ಹಿಡಿದುಕೊಳ್ಳಲು ಒಂದು ಕೊಂಬೆ. ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಒಂದು ಸಂಜೆ ಕೂತು ಮಾತಾಡಿದರೆ ಈ ಕೊಂಬೆ ಮಗುವಿನ ಕೈಗೆ ಸಿಗುತ್ತದೆ. ಎಷ್ಟು ಶಾಲೆಗಳಲ್ಲಿ ಹೀಗೆ ಕೂತಿದ್ದಾರೆ?

‘ಅಲ್ಲ’ ಎಂಬರ್ಥದ ಪ್ರತ್ಯಯವನ್ನು ತೆಗೆದುಕೊಳ್ಳಿ. ನ್ಯಾಯ, ಅನ್ಯಾಯ, ಉಚಿತ, ಅನುಚಿತ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ಇದನ್ನು ತಿಳಿದ ಮಗುವಿಗೆ ‘ಎ ಬುಕ್’ ಎನ್ನಬೇಕು, ‘ಆನ್ ಎಗ್’ ಎನ್ನಬೇಕು ಎಂಬುದು ಆಶ್ಚರ್ಯವಾಗಬಾರದು. ಅಲ್ಲಿಯೂ ಸ್ವರದ ಮುಂದೆ ನಕಾರ ಬಂದಿದೆ. ಕಿವಿಗೆ ಕೇಳಿದ್ದನ್ನೇ ಬರೆಯುವ ಲಿಪಿಯಲ್ಲಿ ಬೆಳೆದ ನಮ್ಮ ಮಗು, ‘ಅವರ್’ ಎಂಬ ಪದ ‘ಎಚ್’ ಅಕ್ಷರದಿಂದ ಆರಂಭವಾದರೂ ಅದಕ್ಕೆ ‘ಆನ್’ ಏಕೆ ಬೇಕೆಂಬುದನ್ನು ಬೇಗ ತಿಳಿಯುತ್ತದೆ. ‘ಪಾಸಿಬಲ್’ನ ಮುಂದೆ ‘ಇಮ್’, ‘ಲೀಗಲ್’ನ ಮುಂದೆ ‘ಇಲ್’, ‘ರೆಗ್ಯುಲರ್’ನ ಮುಂದೆ ‘ಇರ್’ ಬರುವುದೂ ನಾಲಿಗೆಯ ಅನುಕೂಲಕ್ಕಾಗಿಯೇ.

ಇನ್ನೂ ಒಂದು ಮಾತು. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದು ಎಂದು ತಿಳಿಯುವ ಮಕ್ಕಳು ಬಹಳ. ಅದು ಬೆಲೆಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ವನ್ನು ಪಕ್ಕಕ್ಕಿಟ್ಟರೆ ಒಂದು ಕ್ಷಣದಲ್ಲಿ ಗೊಂದಲ ಕಳೆಯುತ್ತದೆ. ಇಂಥ ಸಹಾಯವಿಲ್ಲದೆ ಮೋಸಹೋಗುವ ಪದವೂ ಉಂಟು. ಹೆದ್ದಾರಿಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಫ್ಲೇಮ್’ ಎಂದರೆ ಜ್ವಾಲೆ, ‘ಇನ್’ ಎಂದರೆ ಅಲ್ಲ, ಹಾಗಾದರೆ ಉರಿಯದ್ದು ಎಂದು ಲೆಕ್ಕಹಾಕಿದರೆ ಅಪಾಯ. ಆ ‘ಇನ್’ ಬೇರೆ, ಪದದ ಅರ್ಥ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ನಂಟು ಹುಡುಕುವುದನ್ನು ಕಲಿಸುವಾಗ ಸುಳ್ಳು ನೆಂಟರನ್ನು ಗುರುತಿಸುವುದನ್ನೂ ಕಲಿಸಬೇಕು.

ಇಂಗ್ಲಿಷಿನ ಮೌನಾಕ್ಷರಗಳಿಗೆ ನಮ್ಮ ಮಕ್ಕಳು ಹೆದರುತ್ತಾರೆ. ‘ಟೂ’ ಎಂಬ ಅಂಕಿಯಲ್ಲಿ ‘ಡಬ್ಲ್ಯು’ ಏಕಿದೆ? ಅದರ ಬಳಗವನ್ನು ಕರೆದು ಕೇಳಿ: ‘ಟ್ವಿನ್’ ಅವಳಿ, ‘ಟ್ವೈಸ್’ ಎರಡು ಸಲ, ‘ಟ್ವೆಲ್ವ್’ ಹನ್ನೆರಡು, ‘ಟ್ವೆಂಟಿ’ ಇಪ್ಪತ್ತು. ಎಲ್ಲದರಲ್ಲಿಯೂ ಎರಡರ ಲೆಕ್ಕವಿದೆ, ಎಲ್ಲದರಲ್ಲಿಯೂ ‘ಡಬ್ಲ್ಯು’ ಬಾಯಿಬಿಟ್ಟು ಮಾತಾಡುತ್ತದೆ. ‘ಟೂ’ ಒಂದರಲ್ಲಿ ಮಾತ್ರ ಸುಮ್ಮನಿದೆ. ‘ಸೈನ್’ ಎಂಬಲ್ಲಿ ಸುಮ್ಮನಿರುವ ‘ಜಿ’, ‘ಸಿಗ್ನಲ್’, ‘ಸಿಗ್ನೇಚರ್’ಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ತಿಳಿದ ಮಗು ಆ ಅಕ್ಷರವನ್ನು ಮತ್ತೆ ಬಿಟ್ಟು ಬರೆಯುವುದು ಕಡಿಮೆ.

ಸಮಾಸವೂ ನಮ್ಮ ಮಕ್ಕಳಿಗೆ ಗೊತ್ತಿರುವ ಆಟವೇ. ಹಗಲುಗನಸು ಇಂಗ್ಲಿಷಿನಲ್ಲಿಯೂ ಹಗಲಿನ ಕನಸೇ, ‘ಡೇಡ್ರೀಮ್’. ಮಳೆಬಿಲ್ಲು ಅಲ್ಲಿಯೂ ಮಳೆಯ ಬಿಲ್ಲು, ‘ರೇನ್‌ಬೋ’. ‘ಬ್ರೇಕ್‌ಫಾಸ್ಟ್’ ಎಂದರೆ ಬೆಳಗಿನ ತಿಂಡಿ ಎಂದು ಬರೆಸಿ ಬಿಡುವುದಕ್ಕಿಂತ ಪದವನ್ನು ಬಿಡಿಸಿ ತೋರಿಸಿ: ‘ಫಾಸ್ಟ್’ ಉಪವಾಸ, ‘ಬ್ರೇಕ್’ ಮುರಿಯುವುದು. ಏಕಾದಶಿಯ ಮರುದಿನ ಪಾರಣೆ ಮಾಡುವ ಮನೆಯ ಮಗುವಿಗೂ, ರಂಜಾನಿನ ಸಂಜೆ ಇಫ್ತಾರಿಗೆ ಕೂರುವ ಮನೆಯ ಮಗುವಿಗೂ ಇದನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ಕನ್ನಡದ ಬಳಗವೂ ಇಂಗ್ಲಿಷಿನ ಬಳಗವೂ ಒಂದೇ ಅಳತೆಯವೆಂದು ಭಾವಿಸಬಾರದು. ನಮ್ಮ ಕಲಿ, ಕಲಿಸು ಒಂದೇ ಮನೆಯವು. ಇಂಗ್ಲಿಷಿನಲ್ಲಿ ‘ಲರ್ನ್’ ಬೇರೆ, ‘ಟೀಚ್’ ಬೇರೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಮೂವರೂ ಅಲ್ಲಿ ‘ಅಂಕಲ್’. ನಮಗೆ ಕೈಯಲ್ಲಿಯೂ ಬೆರಳು, ಕಾಲಿನಲ್ಲಿಯೂ ಬೆರಳು. ಅವರಿಗೆ ಕೈಯದು ‘ಫಿಂಗರ್’, ಕಾಲಿನದು ‘ಟೋ’. ಬಡತನದಲ್ಲಿ ‘-ತನ’ ಇದೆಯೆಂದು ‘ಪೂರ್‌ನೆಸ್’ ಎಂದರೆ ಆಗದು, ‘ಪಾವರ್ಟಿ’ ಎನ್ನಬೇಕು. ಅಡುಗೆ ಮಾಡುವವರನ್ನು ‘ಕುಕ್ಕರ್’ ಎಂದರೆ ಎಲ್ಲರೂ ನಗುತ್ತಾರೆ, ಏಕೆಂದರೆ ಅದು ಸೀಟಿ ಹೊಡೆಯುವ ಪಾತ್ರೆ, ಮಾಡುವವರು ‘ಕುಕ್’.

ಎಲ್ಲಕ್ಕಿಂತ ದೊಡ್ಡ ಕಾಟ ನಮ್ಮ ‘ಮಾಡು’ ಮತ್ತು ‘ಹಾಕು’ಗಳದು. ನಾವು ಸ್ನಾನ ಮಾಡುತ್ತೇವೆ, ತಪ್ಪು ಮಾಡುತ್ತೇವೆ, ಮನೆಗೆಲಸ ಮಾಡುತ್ತೇವೆ, ನಿದ್ದೆಯನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಸ್ನಾನಕ್ಕೆ ‘ಟೇಕ್’, ತಪ್ಪಿಗೆ ‘ಮೇಕ್’, ಮನೆಗೆಲಸಕ್ಕೆ ‘ಡೂ’. ನಿದ್ದೆಗೆ ಇವು ಯಾವುವೂ ಬೇಡ, ‘ಸ್ಲೀಪ್’ ಸಾಕು. ಬಟ್ಟೆ ಹಾಕಿದರೆ ‘ವೇರ್’, ಬೀಗ ಹಾಕಿದರೆ ‘ಲಾಕ್’, ಸಹಿ ಹಾಕಿದರೆ ‘ಸೈನ್’, ಕಾಗದವನ್ನು ಅಂಚೆಗೆ ಹಾಕಿದರೆ ‘ಪೋಸ್ಟ್’. ಯಾವ ಪದ ಯಾವ ಪದದ ಕೈಹಿಡಿದು ನಡೆಯುತ್ತದೆ ಎಂಬುದು ಕೂಡ ಪದಸಂಬಂಧವೇ, ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಸಂಬಂಧ. ‘ಮಾಡು ಎಂದರೆ ಡೂ’ ಎಂದು ಪಟ್ಟಿಯಲ್ಲಿ ಬರೆದುಕೊಂಡ ಮಗು ಹತ್ತನೆಯ ತರಗತಿಯ ತನಕವೂ ‘ಡೂ’ವನ್ನೇ ಹೊತ್ತುಕೊಂಡು ತಿರುಗುತ್ತದೆ. ಇದಕ್ಕೆ ಮದ್ದು ಕನ್ನಡವನ್ನು ತರಗತಿಯಿಂದ ಹೊರಗಟ್ಟುವುದಲ್ಲ. ಮಗು ಮನಸ್ಸಿನಲ್ಲಿ ಹೇಗೂ ಕನ್ನಡದಲ್ಲಿಯೇ ಯೋಚಿಸುತ್ತಿರುತ್ತದೆ. ಕನ್ನಡದ ‘ಮಾಡು’ ಇಂಗ್ಲಿಷಿನ ಯಾವ ಯಾವ ಮನೆಗಳಿಗೆ ಹೋಗುತ್ತದೆಂದು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುವುದೇ ಮದ್ದು.

ಎಚ್ಚರದ ಮಾತೊಂದನ್ನು ಹೇಳದಿದ್ದರೆ ಉತ್ಸಾಹಿ ಅಧ್ಯಾಪಕರು ದಾರಿ ತಪ್ಪಿಯಾರು. ಸಂಬಂಧವಿದೆಯೆಂದು ಒಂದೇ ಸಲಕ್ಕೆ ಎಲ್ಲವನ್ನೂ ತಲೆಗೆ ತುಂಬಬಾರದು. 1993ರಲ್ಲಿ ಟಿಂಕಮ್, 1997ರಲ್ಲಿ ವಾರಿಂಗ್ ಎಂಬ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಅರ್ಥದಲ್ಲಿ ತೀರ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿಸಿದಾಗ ಕಲಿಯುವವರಿಗೆ ಕಷ್ಟ ಹೆಚ್ಚಾಯಿತೆಂದು ಕಂಡುಬಂತು. ‘ಲೆಫ್ಟ್’, ‘ರೈಟ್’ ಎರಡನ್ನೂ ಒಂದೇ ದಿನ ಕಲಿತವರು ಬಹುಕಾಲ ಎಡಬಲಗಳಲ್ಲಿ ತಡವರಿಸುವುದನ್ನು ನಾವೂ ಕಂಡಿದ್ದೇವೆ. ಮೊದಲು ಒಂದನ್ನು ಗಟ್ಟಿಮಾಡಿ, ಕೆಲವು ದಿನ ಬಿಟ್ಟು ಅದರ ಎದುರಾಳಿಯನ್ನು ತರಬೇಕು. ಗೊತ್ತಿರುವ ಪದಕ್ಕೆ ಗೊತ್ತಿಲ್ಲದ ಪದವನ್ನು ಗಂಟುಹಾಕಬೇಕೇ ಹೊರತು ಗೊತ್ತಿಲ್ಲದ ಎರಡನ್ನು ಒಂದಕ್ಕೊಂದು ಗಂಟುಹಾಕಿ ಪ್ರಯೋಜನವಿಲ್ಲ. ವಿರುದ್ಧ ಪದಗಳ ಉದ್ದ ಪಟ್ಟಿಯನ್ನು ಒಂದೇ ರಾತ್ರಿ ಕಲಿತು ಬಾ ಎನ್ನುವ ಪದ್ಧತಿಯನ್ನು ಈ ಕಾರಣಕ್ಕಾಗಿಯಾದರೂ ಬಿಡಬೇಕು.

ಇಷ್ಟು ಹೊತ್ತು ಹೇಳಿದ್ದು ಬೆಂಗಳೂರು, ಧಾರವಾಡಗಳ ಕನ್ನಡ ಮಾಧ್ಯಮದ ಮಗುವಿಗೂ ಅನ್ವಯಿಸುತ್ತದೆ. ಗಡಿನಾಡಿನ ಮಗುವಿಗೆ ಇನ್ನೂ ಒಂದು ಆಸ್ತಿಯಿದೆ, ಅದನ್ನು ನಾವು ಹೊರೆಯೆಂದು ತಿಳಿದಿದ್ದೇವೆ. ಕಾಸರಗೋಡಿನ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತದೆ. ನಮ್ಮ ಹುಲಿ ತುಳುವಿನಲ್ಲಿ ‘ಪಿಲಿ’, ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ‘ಪುಲಿ’. ನಮ್ಮ ಹೂ ಅವರ ‘ಪೂ’. ಅವರ ಪಕಾರದ ಜಾಗದಲ್ಲಿ ನಮ್ಮ ಹಕಾರ ಎಂದು ಹೊಸೂರಿನ, ತಾಳವಾಡಿಯ, ರಾಯದುರ್ಗದ ಮಕ್ಕಳಿಗೆ ಯಾರೂ ಪಾಠ ಮಾಡಿಲ್ಲ. ಅವರ ಕಿವಿಗೆ ಅದು ಗೊತ್ತು. ಅದೇ ಕಿವಿ ಇಂಗ್ಲಿಷಿನಲ್ಲಿಯೂ ಕೆಲಸಕ್ಕೆ ಬರುತ್ತದೆ. ಸಂಸ್ಕೃತದ ಪಿತೃ, ಪಾದಗಳ ಪಕಾರದ ಜಾಗದಲ್ಲಿ ಇಂಗ್ಲಿಷಿನಲ್ಲಿ ಫಕಾರ: ‘ಫಾದರ್’, ‘ಫುಟ್’. ಈ ಬದಲಾವಣೆಗೆ ನಿಯಮವಿದೆಯೆಂದು 1822ರಲ್ಲಿ ಜರ್ಮನಿಯ ಗ್ರಿಮ್ ವಿವರಿಸಿದರು. ಸೊಲ್ಲಾಪುರದ, ಜತ್ತದ ಮಕ್ಕಳು ಮರಾಠಿಯ ‘ನಾವ’ವನ್ನೂ ನಮ್ಮ ನಾಮವನ್ನೂ ಇಂಗ್ಲಿಷಿನ ‘ನೇಮ್’ ಜೊತೆಗೆ, ಮರಾಠಿಯ ‘ನವಾ’ವನ್ನು ‘ನ್ಯೂ’ ಜೊತೆಗೆ ಇಟ್ಟು ನೋಡಲಿ. ತ್ರಿಕೋನದ ‘ತ್ರಿ’ಯೂ ‘ಟ್ರಯಾಂಗಲ್’ನ ಮೊದಲ ಭಾಗವೂ ಒಂದೇ ಮೂಲದವು, ದಂತವೂ ‘ಡೆಂಟಿಸ್ಟ್’ನ ಮೊದಲ ಭಾಗವೂ ಹಾಗೆಯೇ. ಇಲ್ಲಿಯೂ ಸುಳ್ಳು ನೆಂಟರಿದ್ದಾರೆ: ನಮ್ಮ ‘ಒಂದು’ ಮತ್ತು ಅವರ ‘ಒನ್’ ಕೇಳಲು ಹತ್ತಿರವಾದರೂ ಸಂಬಂಧಿಕರಲ್ಲ, ಆಕಸ್ಮಿಕ ಹೋಲಿಕೆ ಅಷ್ಟೆ.

ಈಗ ಹಕ್ಕಿನ ಪ್ರಶ್ನೆಗೆ ಬರುತ್ತೇನೆ. ‘ಅವಸರ’ ಎಂಬ ಒಂದೇ ಮಾತನ್ನು ನೋಡಿ. ಕನ್ನಡದಲ್ಲಿ ಅದು ಆತುರ. ಮಲಯಾಳದಲ್ಲಿ ‘ಅವಸರಂ’ ಎಂದರೆ ಸದವಕಾಶ, ಸಂದರ್ಭ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ, ಬೇಕು ಎಂಬುದು. ತಮಿಳಿನಲ್ಲಿ ತುರ್ತು. ಕನ್ನಡ ಬಾರದ ಅಧ್ಯಾಪಕರು ಕಾಸರಗೋಡಿನ ಕನ್ನಡ ತರಗತಿಯಲ್ಲಿ ನಿಂತು ‘ಆಪರ್ಚುನಿಟಿ’ ಎಂದರೆ ‘ಅವಸರಂ’ ಎಂದರೆ, ಮಗು ಆತುರ ಎಂದು ಬರೆದುಕೊಳ್ಳುತ್ತದೆ. ಆದವಾನಿಯ ಕಡೆ ‘ನೀಡ್’ ಎಂದರೆ ‘ಅವಸರಂ’ ಎಂದು ತೆಲುಗಿನಲ್ಲಿ ಹೇಳಿದರೆ ಅಲ್ಲಿಯೂ ಆತುರವೇ! ಮಲಯಾಳದ ‘ಆಗ್ರಹಂ’ ಬಯಕೆ, ನಮ್ಮ ಆಗ್ರಹ ಒತ್ತಾಯ. ‘ವಿಶ್’ ಎಂಬ ಸೌಮ್ಯವಾದ ಪದ ನಮ್ಮ ಮಗುವಿನ ಪುಸ್ತಕದಲ್ಲಿ ಜಗಳವಾಗಿ ಕೂರುತ್ತದೆ. ಅಧ್ಯಾಪಕರು ತಪ್ಪು ಹೇಳಿಲ್ಲ, ಮಗು ತಪ್ಪು ಕೇಳಿಲ್ಲ. ನಡುವಿನ ಸೇತುವೆ ಇಲ್ಲ.

ಆದುದರಿಂದಲೇ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕು ಎಂಬ ಬೇಡಿಕೆ ಇಂಗ್ಲಿಷ್ ಪಾಠಕ್ಕೂ ಸಲ್ಲಬೇಕು. ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ ಕನ್ನಡ ಬಾರದವರನ್ನು ನೇಮಿಸಿದಾಗ ಕಾಸರಗೋಡಿನಲ್ಲಿ ಪಾಲಕರೂ ಮಕ್ಕಳೂ ಪ್ರತಿಭಟಿಸಿದ್ದಾರೆ, ಅದು ನ್ಯಾಯವಾದದ್ದು. ಇಂಗ್ಲಿಷಿನ ವಿಷಯ ಬಂದಾಗ ಮಾತ್ರ ‘ಇಂಗ್ಲಿಷ್ ಕಲಿಸಲು ಕನ್ನಡ ಏಕೆ’ ಎಂದು ಅ‌ಧಿಕಾರಿಗಳು ಕೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಹಾಗೆ ತಲೆಯಾಡಿಸಬಾರದೆಂದು ಹೇಳುವುದಕ್ಕಾಗಿಯೇ ಇಷ್ಟು ಬರೆದದ್ದು.

ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಲೆಕ್ಕವನ್ನು ಒಪ್ಪಿತ್ತು: ಇಡೀ ಶಾಲೆಯಲ್ಲಿ 40 ಮಂದಿ ಅಥವಾ ಒಂದು ತರಗತಿಯಲ್ಲಿ 10 ಮಂದಿ ಆ ಭಾಷೆಯ ಮಕ್ಕಳಿದ್ದರೆ ಕನಿಷ್ಠ ಒಬ್ಬ ಅಧ್ಯಾಪಕರನ್ನು ನೇಮಿಸಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಬೇಕು. ಮುಂದೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಏರ್ಪಾಡುಗಳಿಗೆ ಈ ಲೆಕ್ಕವೇ ತಳಹದಿಯಾಯಿತು. ಹತ್ತು ಮತ್ತು ನಲವತ್ತು. ನಮ್ಮ ಎಷ್ಟೋ ಶಾಲೆಗಳು ಇಂದು ಈ ಅಂಕಿಗಳ ಅಂಚಿನಲ್ಲಿ ನಿಂತಿವೆ. ಹನ್ನೊಂದು ಮಕ್ಕಳಿರುವ ತರಗತಿಯಿಂದ ಇಂಗ್ಲಿಷ್ ಬರುವುದಿಲ್ಲವೆಂದು ಇಬ್ಬರು ಹೋದರೆ, ಉಳಿದ ಒಂಬತ್ತು ಮಂದಿಯ ಪಾಲಿಗೆ ಅಧ್ಯಾಪಕರನ್ನು ಕೇಳುವ ಬಲವೇ ಕುಗ್ಗುತ್ತದೆ. ಹೋದ ಇಬ್ಬರನ್ನು ದೂಷಿಸಲಾರೆ. ಅವರು ಹೋಗುವ ಮೊದಲು ಇಂಗ್ಲಿಷ್ ಪಾಠವನ್ನು ಸರಿಪಡಿಸದ ನಮ್ಮ ಶಾಲೆ, ನಮ್ಮ ಸಂಘಟನೆಗಳು ಉತ್ತರ ಹೇಳಬೇಕು. ಕಡತ, ಫಲಕ, ಅರ್ಜಿ ನಮೂನೆ ಕನ್ನಡದಲ್ಲಿರಲೆಂದು ನಾವು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸಿ ಎಂದು ಎಷ್ಟು ಮನವಿ ಕೊಟ್ಟಿದ್ದೇವೆ?

‘ನಮಗೇ ಇಂಗ್ಲಿಷ್ ಬಾರದು, ನಾವೇನು ಮಾಡಲಾದೀತು’ ಎಂದು ತಾಯಂದಿರು ಹೇಳುವುದುಂಟು. ಅಮ್ಮಂದಿರೇ, ನಿಮ್ಮ ಬಾಯಲ್ಲಿ ದಿನವೂ ಓಡಾಡುವ ಮಾತುಗಳನ್ನು ಎಣಿಸಿ ನೋಡಿ. ಕಂಡಕ್ಟರ್, ಡ್ರೈವರ್, ಟೈಲರ್, ಇನ್‌ಸ್ಪೆಕ್ಟರ್, ಕಲೆಕ್ಟರ್, ಎಲೆಕ್ಷನ್, ಅಪ್ಲಿಕೇಶನ್, ಕರೆಂಟ್ ಕನೆಕ್ಷನ್. ಇವೆಲ್ಲ ಮಕ್ಕಳೊಂದಿಗರು. ‘ಡ್ರೈವರ್’ನೊಳಗೆ ‘ಡ್ರೈವ್’ ಇದೆ, ‘ಕಲೆಕ್ಟರ್’ನೊಳಗೆ ‘ಕಲೆಕ್ಟ್’ ಇದೆ. ಕಂದಾಯ ಸಂಗ್ರಹಿಸುವವರು ಎಂಬುದರಿಂದಲೇ ಜಿಲ್ಲೆಯ ಅಧಿಕಾರಿಗೆ ಆ ಹೆಸರು ಬಂತು. ‘ಎಲೆಕ್ಷನ್’ನಲ್ಲಿ ‘ಎಲೆಕ್ಟ್’, ‘ಕನೆಕ್ಷನ್’ನಲ್ಲಿ ‘ಕನೆಕ್ಟ್’, ‘ಅಪ್ಲಿಕೇಶನ್’ನ ಹಿಂದೆ ‘ಅಪ್ಲೈ’. ರಾತ್ರಿ ಊಟವಾದ ಮೇಲೆ ‘ಈ ಪದದ ಒಳಗೆ ಯಾರಿದ್ದಾರೆ, ಇದರ ಅಣ್ಣತಮ್ಮಂದಿರು ಯಾರು?’ ಎಂದು ಕನ್ನಡದಲ್ಲಿಯೇ ಕೇಳಿ. ಉತ್ತರ ನಿಮಗೆ ತಿಳಿದಿರಬೇಕಾಗಿಲ್ಲ, ಹುಡುಕುವ ಅಭ್ಯಾಸ ಮಗುವಿಗೆ ಬಂದರೆ ಸಾಕು. ಹುಡುಕಲು ಮನೆಯಲ್ಲೊಂದು, ಆಗದಿದ್ದರೆ ಶಾಲೆಯಲ್ಲಾದರೂ ಒಂದು ಇಂಗ್ಲಿಷ್–ಕನ್ನಡ ನಿಘಂಟು ಇರಬೇಕು. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟು ದೊಡ್ಡದಾಯಿತೆಂದರೆ ಚಿಕ್ಕವೂ ಸಿಗುತ್ತವೆ. ಈಗ ಫೋನಿನಲ್ಲಿಯೂ ಅರ್ಥ ನೋಡಬಹುದು. ಆದರೆ ಫೋನು ಕೇಳಿದ ಒಂದು ಪದವನ್ನು ತೋರಿಸಿ ಸುಮ್ಮನಾಗುತ್ತದೆ, ನಿಘಂಟಿನ ಪುಟದಲ್ಲಿ ಅಕ್ಕಪಕ್ಕದ ನೆಂಟರೂ ಕಣ್ಣಿಗೆ ಬೀಳುತ್ತಾರೆ.

ಶಾಲೆ ಆರಂಭವಾದ ಮೇಲೆ ರಕ್ಷಕ-ಶಿಕ್ಷಕ ಸಂಘದ ಸಭೆ ನಡೆಯುತ್ತದೆ. ಸಾಮಾನ್ಯವಾಗಿ ಅಲ್ಲಿ ಕಟ್ಟಡ, ಕುಡಿಯುವ ನೀರು, ಬಿಸಿಯೂಟದ ಮಾತಾಗಿ ಚಹಾ ಕುಡಿದು ಏಳುತ್ತೇವೆ. ಈ ವರ್ಷ ಮೂರು ಮಾತು ಕೇಳಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಿಗೆ ಕನ್ನಡ ಬರುತ್ತದೆಯೇ? ಬಾರದಿದ್ದರೆ ಕನ್ನಡ ಅಧ್ಯಾಪಕರು ವಾರಕ್ಕೊಂದು ಗಂಟೆ ಅವರ ಜೊತೆಗೆ ಕೂತು ಆ ವಾರದ ಪದಗಳನ್ನು ನೋಡಬಲ್ಲರೇ? ಪಾಠದ ಕೊನೆಗೆ ಕನ್ನಡದಲ್ಲಿ ಪದಬಳಗದ ಒಂದು ಪುಟ ಬರೆಸಲು ಸಾಧ್ಯವೇ? ಕೇಳಿದ್ದನ್ನೂ ಕೊಟ್ಟ ಉತ್ತರವನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ತಾರೀಕು ಹಾಕಿಸಿ, ನೀವೂ ಸಹಿ ಮಾಡಿ. ಹೋಗುವಾಗ ಮಗುವಿನ ಇಂಗ್ಲಿಷ್ ನೋಟುಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಲು ಮರೆಯಬೇಡಿ.